ಕೂದಲು ತಿನ್ನದ ಬೂಷ್ಟು

ತಪ್ಪೆಲ್ಲ ಆ ಕೇಕಿನ ಡಬ್ಬದ್ದು.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ, ಮದುವೆಯಾಗದ ಮೂವತ್ತನಾಲ್ಕರ ಗಂಡಸೊಬ್ಬ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗುಲಾಬಿ ರಿಬ್ಬನ್ ಕಟ್ಟಿದ ಮಿಠಾಯಿ ಅಂಗಡಿಯ ಡಬ್ಬವನ್ನು ಎದೆಗವಚಿಕೊಂಡು ಮೆಟ್ಟಿಲಿಳಿದರೆ ಅಲೆಕ್ಸಾಂಡ್ರಿಯಾದಲ್ಲಿ ಅದಕ್ಕೆ ಒಂದೇ ಅರ್ಥ. ಹೆಣ್ಣು ಕೇಳಲು ಹೊರಟಿದ್ದಾನೆ. ಇದು ತೊಟ್ಟಿಲಲ್ಲಿರುವ ಕೂಸಿಗೂ ಗೊತ್ತು. ವಗ್ದಿಗೆ ಮಾತ್ರ ಹೊಳೆಯಲಿಲ್ಲ. ಹೆಚ್ಚು ಓದಿದವರ ಹಣೆಬರಹವೇ ಅಷ್ಟು, ಹತ್ತಿರದ್ದು ಕಾಣುವುದಿಲ್ಲ.

ಡಬ್ಬದಲ್ಲಿ ಕೇಕ್ ಇರಲಿಲ್ಲ. ಹತ್ತಿಯ ಬಿರಡೆ ಹಾಕಿದ ಏಳು ಸಣ್ಣ ಗಾಜಿನ ಕುಪ್ಪಿಗಳಿದ್ದವು. ಒಂದೊಂದರಲ್ಲೂ ಒಂದಿಷ್ಟು ನೀರು, ನೀರಿನಲ್ಲಿ ಕರಿ ಕೂದಲಿನ ಚೂರು, ಕೂದಲಿನ ಸುತ್ತ ಬೆಳ್ಳಗೆ ಹಿಂಜಿದ ಅರಳೆಯಂಥ ಬೂಷ್ಟು. ಮನುಷ್ಯನ ತಲೆಗೆ, ತೊಡೆಸಂದಿಗೆ, ಕಾಲ್ಬೆರಳಿಗೆ ಹುಳುಕಡ್ಡಿ ಹತ್ತಿಸುವ ಬೂಷ್ಟು ಅದು. ಕಾಲೇಜಿನ ಪ್ರಯೋಗಾಲಯದಲ್ಲಿ ಅದನ್ನು ಬೆಳೆಸುವ ಬೆಚ್ಚನೆ ಪೆಟ್ಟಿಗೆ ಕೆಟ್ಟು ತಿಂಗಳಾಗಿತ್ತು. ವಗ್ದಿ ಯಾರಿಗೂ ಹೇಳದೆ ಕುಪ್ಪಿಗಳನ್ನು ಮನೆಗೆ ತಂದು ತನ್ನ ಬಟ್ಟೆಯ ಕಪಾಟಿನಲ್ಲಿ, ಒಳಅಂಗಿಗಳ ನಡುವೆ ಸಾಕುತ್ತಿದ್ದ. ಈಗ ವಾಪಸ್ ಒಯ್ಯಲು ಮನೆಯಲ್ಲಿ ಸಿಕ್ಕಿದ್ದು ಅಕ್ಕನ ಮಗಳ ಹುಟ್ಟುಹಬ್ಬದ ಡಬ್ಬ ಒಂದೇ.

ಈ ಬೂಷ್ಟಿನ ಮೈಯಲ್ಲಿ ಸಾವಿರಾರು ಜೀನ್‌ಗಳಿವೆ. ಎಲ್ಲವೂ ಎಲ್ಲ ಹೊತ್ತಿನಲ್ಲೂ ದುಡಿಯುವುದಿಲ್ಲ. ಬರೀ ಸಕ್ಕರೆ ನೀರು ಕೊಟ್ಟರೆ ಕೂದಲು ಕತ್ತರಿಸುವ ಜೀನ್‌ಗಳು ಮಲಗಿರುತ್ತವೆ. ಕೂದಲು, ಉಗುರು, ಚರ್ಮ ಎದುರಿಗಿಟ್ಟರೆ ಅವು ಎದ್ದು, ಕತ್ತರಿಯಂಥ ರಸ ಸುರಿಸಿ, ತಿನ್ನಲು ತೊಡಗುತ್ತವೆ. ಯಾವುದು ಯಾವಾಗ ಏಳುತ್ತದೆ ಎಂದು ಯಂತ್ರದಲ್ಲಿ ಓದಿ ಹೇಳುವುದೇ ವಗ್ದಿಯ ಡಾಕ್ಟರೇಟು. ಲೋಕದ ಎಲ್ಲ ಬೂಷ್ಟುಗಳೂ ಎದ್ದವು. ವಗ್ದಿಯ ಬೂಷ್ಟು ಐದು ತಿಂಗಳಾದರೂ ಏಳಲಿಲ್ಲ. ಜತೆಗೆ ಹಾಕಿದ ಚಿಟಿಕೆ ಸಕ್ಕರೆಯಲ್ಲೇ ದಿನ ದೂಡುತ್ತಿತ್ತು.

"ನಿಮ್ಮ ಬೂಷ್ಟು ಸರ್ಕಾರಿ ಗುಮಾಸ್ತ ಕಣ್ರೀ," ಎಂದು ನಿವೀನ್ ನಗುತ್ತಿದ್ದಳು. ಅವಳು ಅದೇ ಪ್ರಯೋಗಾಲಯದಲ್ಲಿ ಅವನಿಗಿಂತ ನಾಲ್ಕು ವರ್ಷ ಕಿರಿಯ ಅಧ್ಯಾಪಕಿ. "ಕೆಲಸ ಮುಂದಿಟ್ಟರೂ ಕೈಕಟ್ಟಿ ಕೂತಿರತ್ತೆ."

ವಗ್ದಿಗೆ ನಗು ಬರುತ್ತಿರಲಿಲ್ಲ. ಕಿರಿಯ ಅಧ್ಯಾಪಕನಾಗಿ ಸೇರಿದವನು ಐದು ವರ್ಷದಲ್ಲಿ ಡಾಕ್ಟರೇಟು ಮುಗಿಸದಿದ್ದರೆ ಪಾಠದ ಕೆಲಸ ಕಿತ್ತು ಕಚೇರಿಗೆ ಹಾಕುತ್ತಾರೆ. ಅವನ ಐದು ವರ್ಷದಲ್ಲಿ ಯಂತ್ರ ಬಂದರಿನಿಂದ ಬಿಡುಗಡೆಯಾಗಲು ಎರಡು ವರ್ಷ ಹೋಗಿತ್ತು, ಅದನ್ನು ಪೆಟ್ಟಿಗೆಯಿಂದ ತೆಗೆಯಲು ಬೇಕಾದ ರುಜುಗಳಿಗೆ ಒಂದು ವರ್ಷ, ತೆಗೆದ ಮೇಲೆ ಕೀಲಿ ಹುಡುಕಲು ಒಂದೂವರೆ ವರ್ಷ. ಶನಿವಾರ ಸಮಿತಿ ಕೂಡಲಿತ್ತು. ಇವತ್ತು ಹನ್ನೆರಡಕ್ಕೆ ತಿಂಗಳಿಗೊಮ್ಮೆ ಬರುವ ದ್ರವ ಸಾರಜನಕ ಬರುತ್ತದೆ. ಬಂದ ಒಂದು ಗಂಟೆಯಲ್ಲಿ ಹಬೆಯಾಗಿ ಹಾರಿಹೋಗುತ್ತದೆ, ಯಾಕೆಂದರೆ ಕೊಳಗಕ್ಕೆ ಮುಚ್ಚಳ ಇಲ್ಲ. ಅಷ್ಟರಲ್ಲಿ ಬೂಷ್ಟನ್ನು ಅದರಲ್ಲಿ ಅದ್ದಿ ಹೆಪ್ಪುಗಟ್ಟಿಸಬೇಕು, ಇಲ್ಲದಿದ್ದರೆ ಯಂತ್ರ ಅದರ ಜೀನ್ ಓದಲಾರದು. ತಪ್ಪಿದರೆ ಉಗ್ರಾಣದ ಗುಮಾಸ್ತನ ಕುರ್ಚಿ ಅವನಿಗಾಗಿ ಧೂಳು ಒರೆಸಿಕೊಂಡು ಕಾದಿತ್ತು.

ಪ್ರೊಫೆಸರ್ ಇಸ್ಮತ್ ಮೇಡಂ ಕೊನೆಯ ಉಪಾಯ ಹೇಳಿದ್ದರು. "ಬೆರಕೆ ಕೂದಲು ಹಾಕಿದರೆ ಹೀಗೇ ಆಗೋದು. ಯಾರೋ ಬಣ್ಣ ಹಚ್ಚಿರ್ತಾನೆ, ಯಾರೋ ಎಣ್ಣೆ ಮೆತ್ತಿರ್ತಾನೆ. ಒಬ್ಬೊಬ್ಬರದು ಬೇರೆಬೇರೆ ತಗೋ, ಹೆಸರು ಬರೆದಿಡು."

ತನ್ನದೇ ಕೂದಲು ಹಾಕೋಣವೆಂದರೆ ವಗ್ದಿಯ ತಲೆ ಸಂಪೂರ್ಣ ಬೋಳು. ಅಲ್ಲಿ ಕೂದಲು ಬೆಳೆಯುವುದಕ್ಕೆ ಮೊದಲು ಟ್ರಾಮಿನ ಹಳಿಯ ಮೇಲೆ ಗೋಧಿ ಬೆಳೆದೀತು. ಅದಕ್ಕೇ ಕಟ್ಟಡದ ಕೆಳಗಿನ ಕ್ಷೌರಿಕ ಉಸ್ತಾ ಶಲಬಿಯನ್ನು ಮೊದಲಿನಿಂದಲೂ ಅವಲಂಬಿಸಿದ್ದ. ಈ ಸಲ ಹೆಸರು ಬರೆದ ಏಳು ಪೊಟ್ಟಣ ಕೇಳಿದಾಗಲೂ ಶಲಬಿ ತನ್ನ ಎರಡು ಕಣ್ಣುಗಳನ್ನೂ ಮುಟ್ಟಿಕೊಂಡು, "ಇದರ ಮೇಲೆ ಡಾಕ್ಟ್ರೇ, ಇದರ ಮೇಲೆ!" ಎಂದಿದ್ದ. ಕೇಳಿದ್ದನ್ನು ಕಣ್ಣ ಮೇಲಿಟ್ಟು ನಡೆಸಿಕೊಡುತ್ತೇನೆಂದು ಅರ್ಥ. ಮಾರನೆಯ ದಿನವೇ ತನ್ನ ದುಂಡು ಅಕ್ಷರದಲ್ಲಿ ಹೆಸರು ಬರೆದು ಪೊಟ್ಟಣ ಕೊಟ್ಟಿದ್ದ. ವಗ್ದಿ ಆ ಚೀಟಿಗಳನ್ನೇ ಕುಪ್ಪಿಗಳಿಗೆ ಅಂಟಿಸಿದ್ದ.

ಎರಡನೇ ಮಹಡಿಯ ತಿರುವಿನಲ್ಲಿ ನಗ್ಲಾಳ ತಾಯಿ, ಉಮ್ಮ್ ನಗ್ಲಾ, ಬಾಗಿಲಲ್ಲಿ ಬೆಂಡೆಕಾಯಿ ಹೆಚ್ಚುತ್ತ ಕುಳಿತಿದ್ದಳು. ಆ ಕಟ್ಟಡದ ಲಿಫ್ಟು ನಿಂತ ಮೇಲೆ ಅವಳ ಕಣ್ಣು ತಪ್ಪಿಸಿ ಮೇಲೆ ಕೆಳಗೆ ಹೋದ ಜೀವಿ ಬೆಕ್ಕು ಕೂಡ ಇಲ್ಲ.

"ಶುಭವಾಗ್ಲಿ ಡಾಕ್ಟ್ರೇ! ಯಾರ ಮನೆಗೆ?"

"ಕಾಲೇಜಿಗೆ."

"ಕಾಲೇಜಿಗೆ ಗುಲಾಬಿ ರಿಬ್ಬನ್ನಾ?" ಅವಳು ಚಾಕು ಕೆಳಗಿಟ್ಟಳು. "ಅಲ್ಲ ಕಣಪ್ಪಾ, ಐದು ವರ್ಷದಿಂದ ಪ್ರತಿ ಹಬ್ಬಕ್ಕೂ ನನ್ನ ಮಗಳು ಮಾಡಿದ ಕುನಾಫ ಸಿಹೀನ ತಟ್ಟೆ ನೆಕ್ಕಿ ತಿಂದಿದೀಯ. ಈಗ ಬೇರೆಯವರ ಮನೆಗೆ ಕೇಕು ಹೊತ್ಕೊಂಡು ನನ್ನ ಬಾಗಿಲ ಮುಂದೇನೇ ಹೋಗ್ತೀಯಲ್ಲ, ನಾಚಿಕೆ ಆಗಲ್ವಾ?"

"ಇದು ಕೇಕಲ್ಲ, ಉಮ್ಮ್ ನಗ್ಲಾ. ಬೂಷ್ಟು."

"ಬೂಷ್ಟು ಹಿಡಿದ ಕೇಕು ಒಯ್ತಿದೀಯಾ? ದೇವರೇ, ಹಾಗಾದ್ರೆ ಆ ಹುಡುಗೀದೂ ಕರ್ಮ! ಕೊಡು ಇಲ್ಲಿ, ಯಾವ ಅಂಗಡೀದು ಅಂತ ನೋಡ್ತೀನಿ ಅಷ್ಟೆ."

ವಗ್ದಿ ಡಬ್ಬ ಎಳೆದುಕೊಂಡ. ಅವಳು ರಿಬ್ಬನ್ ಎಳೆದಳು. ರಿಬ್ಬನ್ನಿನ ಸ್ವಭಾವವೇ ಬಿಚ್ಚಿಕೊಳ್ಳುವುದು. ಮುಚ್ಚಳ ಹಾರಿತು. ಉಮ್ಮ್ ನಗ್ಲಾ ಬಗ್ಗಿ ನೋಡಿದಳು. ಕರಿ ಕೂದಲು, ಬಿಳಿ ಬೂಷ್ಟು, ಕುಪ್ಪಿಯ ಮೇಲೆ ಚೀಟಿ. ಅವಳು ತುಟಿ ಅಲ್ಲಾಡಿಸಿ ಓದಿದಳು: ಫತ್ಹಿ, ಎರಡನೇ ಮಹಡಿ.

ಫತ್ಹಿ ಅವಳ ಗಂಡ.

"ಮಾಟ!" ಎಂದು ಕಿರುಚಿದಳು. ಆ ಕೂಗಿಗೆ ಬಂದರಿನಲ್ಲಿ ನಿಂತಿದ್ದ ಹಡಗು ಸಿಳ್ಳೆಯಾಯಿತೆಂದು ಹೊರಟುಬಿಟ್ಟಿರಬೇಕು. "ಜನಗಳೇ ಬನ್ನಿ! ನನ್ನ ಗಂಡನ ಕೂದಲು ಶೀಸೇಲಿ ಹಾಕಿ ಕೊಳೆಸ್ತಿದಾನೆ! ಮಾಟ ಮಾಡಿದಾನೆ!"

ಐದು ಮಹಡಿಗಳ ಬಾಗಿಲುಗಳೂ ಒಟ್ಟಿಗೆ ತೆರೆದವು. ನಮ್ಮಲ್ಲಿ ಯಾರೂ ಕತ್ತರಿಸಿದ ಉಗುರನ್ನು ಕಂಡಲ್ಲಿ ಬಿಸಾಡುವುದಿಲ್ಲ, ಉದುರಿದ ಕೂದಲನ್ನು ಸುತ್ತಿಯೇ ಎಸೆಯುತ್ತಾರೆ. ಅದು ಆಗದವರ ಕೈಗೆ ಸಿಕ್ಕರೆ ಏನು ಮಾಡುತ್ತಾರೆಂದು ಎಲ್ಲರಿಗೂ ಗೊತ್ತು. ಈಗ ಎಲ್ಲರ ಕೂದಲೂ ಹೆಸರು, ಮಹಡಿ ಸಮೇತ, ಒಂದೇ ಡಬ್ಬದಲ್ಲಿ.

"ಇದು ವಿಜ್ಞಾನ ಕಣ್ರೀ!" ಎಂದ ವಗ್ದಿ.

"ವಿಜ್ಞಾನಕ್ಕೆ ನನ್ನ ಮನೆ ನಂಬರು ಯಾಕೆ ಬೇಕು?" ಎಂದ ಕೆಳಗಿನಿಂದ ಒಬ್ಬ. ಪ್ರಶ್ನೆ ನ್ಯಾಯವಾಗಿಯೇ ಇತ್ತು.

"ಈಗ ಗೊತ್ತಾಯ್ತು!" ಎಂದಳು ಉಮ್ಮ್ ನಗ್ಲಾ. "ನಗ್ಲಾನ್ನ ನೋಡೋಕೆ ಮೂರು ಗಂಡು ಬಂದ್ರು. ಮೂರೂ ಚಹಾ ಕುಡಿದು ಹೋದವು, ತಿರುಗಿ ಬರಲಿಲ್ಲ. ಫತ್ಹಿ ಗೋಡೆಗೆ ಮುಖ ಹಾಕಿ ಮಲಗ್ತಾನೆ, ಒಂದು ಮಾತಾಡಲ್ಲ!"

ಫತ್ಹಿ ಅವಳ ಹಿಂದಿನಿಂದ ತಲೆ ಹಾಕಿ, "ನಾನು ಮದುವೆ ಆದಾಗಿನಿಂದಲೂ ಮಾತಾಡಿಲ್ಲ ಕಣೇ," ಎಂದ.

"ಸುಮ್ನಿರಿ, ನಿಮಗೆ ಮಾಟ ಆಗಿದೆ!"

ಮೂರನೇ ಮಹಡಿಯಿಂದ ನಿವೃತ್ತ ಶಾಲಾ ಇನ್ಸ್‌ಪೆಕ್ಟರ್ ಹಾಜಿ ದುಸೂಕಿ ಕೋಲೂರಿಕೊಂಡು ಇಳಿದರು. ಅವರ ಹೆಸರಿನ ಕುಪ್ಪಿಯೂ ಇತ್ತು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ನನ್ನ ಇಪ್ಪತ್ತು ಪಾರಿವಾಳ ಹಾರಿಹೋಗಿ ಪಕ್ಕದ ಬೀದಿಯವನ ಗೂಡಲ್ಲಿ ಕೂತಿದ್ದಾವೆ. ಯಾಕೆ ಅಂತ ತಲೆ ಕೆಡಿಸ್ಕೊಂಡಿದ್ದೆ," ಎಂದರು, ಬಹಳ ದುಃಖದಿಂದ.

"ಲಿಫ್ಟೂ ಇವನದೇ ಕೆಲಸ!" ಎಂದಿತು ಇನ್ನೊಂದು ದನಿ. ಎತ್ತು ಈದಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಯಾವ ಊರಲ್ಲಿ ಬರ? ಲಿಫ್ಟು ನಿಂತಾಗ ವಗ್ದಿ ಇನ್ನೂ ಹೈಸ್ಕೂಲಿನಲ್ಲಿದ್ದ.

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ನಿವೀನ್. "ಎಲ್ಲಿದೀರ್ರೀ? ಸಾರಜನಕ ಬೇಗ ಬಂದ್ಬಿಟ್ಟಿದೆ! ನಮ್ಮ ಪುಣ್ಯ! ಆಗಲೇ ಹೊಗೆಯಾಡ್ತಿದೆ, ಓಡಿ ಬನ್ನಿ!"

"ಮೆಟ್ಟಿಲ ಮೇಲಿದೀನಿ!"

"ಕಾಲೇಜಿನ ಮೆಟ್ಟಿಲಾ?"

ಉಮ್ಮ್ ನಗ್ಲಾ ಫೋನಿಗೆ ಬಾಯಿ ಹಾಕಿ, "ನರಕದ ಮೆಟ್ಟಿಲು ಕಣಮ್ಮಾ! ನೀನೇನಾ ಆ ಹುಡುಗಿ? ಇವನನ್ನ ಕಟ್ಕೋಬೇಡ!" ಎಂದು ಕೂಗಿದಳು. ನಿವೀನ್ ಫೋನಿಟ್ಟಳು.

ಹಾಜಿ ದುಸೂಕಿ ಆಗಲೇ ತೀರ್ಪು ಕೊಟ್ಟಿದ್ದರು. ಮಾಟ ತೆಗೆಯುವ ಕ್ರಮ ಅವರಿಗೆ ಅಜ್ಜನ ಕಾಲದಿಂದ ಗೊತ್ತು. ಉಪ್ಪುನೀರಿನ ಮೇಲೆ ಪವಿತ್ರ ವಚನ ಓದಿ ಅದರಲ್ಲಿ ಕೂದಲು ಮುಳುಗಿಸಬೇಕು, ಆಮೇಲೆ ಸಮುದ್ರಕ್ಕೆ ಹಾಕಬೇಕು. ಯಾರೋ ಬಕೆಟ್ಟು ತಂದರು. ಯಾರೋ ಉಪ್ಪಿನ ಚೀಲವನ್ನೇ ಸುರಿದರು. ಅಷ್ಟು ಉಪ್ಪಿನಲ್ಲಿ ಒಂದು ವರ್ಷದ ಉಪ್ಪಿನಕಾಯಿ ಆಗುತ್ತಿತ್ತು.

"ಬಿರಡೆ ತೆಗೀಬೇಡಿ!" ವಗ್ದಿ ಅರಚಿದ. "ಮುಟ್ಟಿದವರಿಗೆಲ್ಲ ಮೈತುಂಬ ಹುಳುಕಡ್ಡಿ ಆಗತ್ತೆ! ಕೆರೆದು ಕೆರೆದು ಸಾಯ್ತೀರಿ!"

ಅದು ಎಚ್ಚರಿಕೆ. ಆದರೆ ಆ ಹೊತ್ತಿನಲ್ಲಿ ಕೇಳಿದವರಿಗೆ ಬೇರೆಯೇ ಆಗಿ ಕಂಡಿತು.

"ನೋಡಿದ್ರಾ, ಎದುರಿಗೇ ಶಾಪ ಹಾಕ್ತಿದಾನೆ!"

ಒಂದು, ಎರಡು, ಮೂರು. ಕುಪ್ಪಿಗಳು ಒಂದೊಂದಾಗಿ, ಬಿರಡೆ ಸಮೇತ, ಬಕೆಟ್ಟಿನಲ್ಲಿ ಮುಳುಗಿದವು. ಹಾಜಿ ದುಸೂಕಿ ಪ್ರತಿಯೊಂದಕ್ಕೂ ಹೆಸರು ಕೂಗಿ, ಶಾಲೆಯ ಹಾಜರಿಯಂತೆ, ಒಳಗೆ ಬಿಡುತ್ತಿದ್ದರು. ವಗ್ದಿ ಜನರ ಕಾಲುಗಳ ನಡುವೆ ನುಸುಳಿ ಏಳನೆಯ ಕುಪ್ಪಿಯನ್ನು ಕಸಿದುಕೊಂಡ. ಕೈಗೆ ಸಿಗದಂತೆ ತಲೆಯ ಮೇಲೆ ಎತ್ತಿ ಹಿಡಿದು ಗೋಡೆಗೊರಗಿ ನಿಂತ. ಉಮ್ಮ್ ನಗ್ಲಾ ಹಾರಿದಳು. ಅವಳ ಕೈ ಹತ್ತಿಯ ಬಿರಡೆಗಷ್ಟೇ ಎಟುಕಿತು. ಬಿರಡೆ ಬಂತು. ಅರ್ಧ ಕುಪ್ಪಿ ಬೂಷ್ಟು ಗೊಳಕ್ಕನೆ ವಗ್ದಿಯ ಬೋಳುತಲೆಯ ನಡುಮಧ್ಯಕ್ಕೆ ಸುರಿದು ನಾಲ್ಕೂ ದಿಕ್ಕಿಗೆ ಇಳಿಯಿತು, ಕೇಕಿನ ಮೇಲೆ ಕೆನೆ ಇಳಿದ ಹಾಗೆ.

ವಗ್ದಿ ತೋಳಿನಿಂದ ತಲೆ ಉಜ್ಜಿಕೊಂಡ. ಉಳಿದ ಅರ್ಧವನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದ. ಅರ್ಧ ಸಾಕು. ಟ್ಯಾಕ್ಸಿ ಸಿಕ್ಕರೆ ಹದಿನೈದು ನಿಮಿಷ.

"ಈ ಚೀಟಿ ನನ್ನ ಅಕ್ಷರ ಅಲ್ಲ!" ಎಂದ. "ನೋಡಿ! ಉಸ್ತಾ ಶಲಬಿ ಬರೆದಿದ್ದು! ಕೂದಲು ಕೊಟ್ಟವನು ಅವನು! ಮಾಟ ಆದ್ರೆ ಅವನನ್ನ ಕೇಳಿ!"

ಎಲ್ಲರೂ ಚೀಟಿಯತ್ತ ಬಗ್ಗಿದರು. ಆ ದುಂಡು ಅಕ್ಷರ ಎಲ್ಲರಿಗೂ ಗೊತ್ತಿತ್ತು. "ಸಾಲ ಕೇಳಬೇಡಿ" ಎಂದು ಕ್ಷೌರದಂಗಡಿಯ ಕನ್ನಡಿಯ ಮೇಲೆ ಇಪ್ಪತ್ತು ವರ್ಷದಿಂದ ಅದೇ ಇತ್ತು.

ಇಬ್ಬರು ಕೆಳಗೆ ಓಡಿ ಶಲಬಿಯನ್ನು ಕರೆತಂದರು. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ನೊರೆ ಬ್ರಷ್ಷು. ಅವನ ಹಿಂದೆ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿಯೂ ಬಂದ. ಇಂಥದ್ದನ್ನು ಯಾರು ಬಿಡುತ್ತಾರೆ?

ಉಮ್ಮ್ ನಗ್ಲಾ ಸೊಂಟದ ಮೇಲೆ ಕೈಯಿಟ್ಟಳು. "ಏನಯ್ಯಾ ಶಲಬಿ, ನನ್ನ ಗಂಡ ಇಪ್ಪತ್ತು ವರ್ಷದಿಂದ ನಿನ್ನ ಮುಂದೆ ಕತ್ತು ಚಾಚಿ ಕೂತಿದಾನೆ. ಅವನ ಕೂದಲು ಈ ಬೋಳನಿಗೆ ಮಾರಿದ್ಯಾ?"

ಶಲಬಿಯ ಮುಖ ಕೆಂಪಾಯಿತು. ನಾಚಿಕೆಯಿಂದಲ್ಲ, ಸಿಟ್ಟಿನಿಂದ.

"ನಾನಾ? ಗಿರಾಕಿ ಕೂದಲು? ನಮ್ಮಪ್ಪ ಇದೇ ಅಂಗಡೀಲಿ ನಲವತ್ತು ವರ್ಷ ಕತ್ತರಿ ಆಡಿಸಿದ್ರು. ದಿನಾ ಸಂಜೆ ಕಸ ಗುಡಿಸಿ, ತಾವೇ ಹೊತ್ತು ಸಮುದ್ರಕ್ಕೆ ಹಾಕಿ ಬರ್ತಿದ್ರು. ನಾನೂ ಹಾಗೇ ಮಾಡ್ತೀನಿ. ನಿಮ್ಮ ಒಂದು ಎಳೆ ಕೂದಲು ನನ್ನ ಅಂಗಡಿಯಿಂದ ಹೊರಗೆ ಹೋಗಿದ್ರೆ ಈ ಕೈ ಉದುರಿ ಹೋಗ್ಲಿ!"

"ಹಾಗಾದ್ರೆ ಇದೇನು?" ಹಾಜಿ ದುಸೂಕಿ ಬಕೆಟ್ಟಿಗೆ ಕೈಹಾಕಿ, ಬಿರಡೆ ನೆನೆದು ಕಳಚಿದ್ದ ಕುಪ್ಪಿಯೊಂದರಿಂದ ಒದ್ದೆ ಕೂದಲಿನ ಗಂಟೊಂದನ್ನು ಎತ್ತಿದರು.

ಶಲಬಿ ಮೀಸೆಯಡಿ ನಕ್ಕ. "ಮದುಮಗಳಿಗೆ ಹಾಕೋ ಸುಳ್ಳು ಕೂದಲಿನ ಟೋಪನ್ ಹಾಜೀ. ನೈಲಾನು. ಹಿಂದಿನ ರಂಜಾನಿಗೆ ಮುಂಚೆ ಇಸ್ತ್ರಿ ತಾಗಿ ಒಂದು ಕಡೆ ಕರಗಿಹೋಗಿತ್ತು. ಡಾಕ್ಟ್ರು ಬಂದು ಕೂದಲು ಕೇಳಿದಾಗೆಲ್ಲ ಅದರಲ್ಲೇ ಒಂದೊಂದು ಹಿಡಿ ಕತ್ತರಿಸಿ ಕೊಡ್ತಿದ್ದೆ."

ಹಾಜಿ ದುಸೂಕಿ ಬೆಂಕಿಪೊಟ್ಟಣ ತೆಗೆದು ಒಂದು ಎಳೆಗೆ ತಾಗಿಸಿದರು. ಅದು ಉರಿಯಲಿಲ್ಲ. ಕರಗಿ ಮುದುಡಿ ಒಂದು ಸಣ್ಣ ಮಣಿಯಾಯಿತು.

ಮೆಟ್ಟಿಲ ಮೇಲಿದ್ದವರೆಲ್ಲ ಒಂದೇ ಉಸಿರಿನಲ್ಲಿ ದೇವರನ್ನು ಸ್ತುತಿಸಿದರು. ಯಾರೋ ಶಲಬಿಯ ಹಣೆಗೆ ಮುತ್ತಿಟ್ಟರು. ಉಮ್ಮ್ ನಗ್ಲಾ ಗೋಳಿಡುವುದನ್ನು ಬಿಟ್ಟು ಮದುವೆಮನೆಯಲ್ಲಿ ಹಾಕುವಂಥ ಕೇಕೆ ಹಾಕಿದಳು. ವಗ್ದಿ ಮಾತ್ರ ಕುಪ್ಪಿ ಹಿಡಿದುಕೊಂಡು ನಿಧಾನವಾಗಿ ಗೋಡೆಯ ಉದ್ದಕ್ಕೂ ಜಾರಿ ಮೆಟ್ಟಿಲ ಮೇಲೆ ಕುಳಿತ.

"ಐದು ತಿಂಗಳು..." ಎಂದ. "ಐದು ತಿಂಗಳೂ ನೈಲಾನಾ?"

"ಐದೂ ತಿಂಗಳು," ಎಂದ ಶಲಬಿ ಹೆಮ್ಮೆಯಿಂದ.

"ಇಲ್ಲ ಅಂತ ನನಗೆ ಹೇಳಬಹುದಿತ್ತಲ್ಲ ಉಸ್ತಾ!"

ಶಲಬಿಗೆ ನಿಜವಾಗಿಯೂ ಬೇಸರವಾಯಿತು. "ಮುಖದ ಮೇಲೆ ಇಲ್ಲ ಅನ್ನೋದಾ? ಅದೂ ಓದಿದವರಿಗೆ? ನನ್ನನ್ನ ಏನು ಅಂದ್ಕೊಂಡ್ರಿ ಡಾಕ್ಟ್ರೇ? ನಮ್ಮಪ್ಪ ನನ್ನನ್ನ ಹಾಗೆ ಬೆಳೆಸಿಲ್ಲ."

ವಗ್ದಿ ನಗತೊಡಗಿದ. ನಗು ಅಳುವಿನ ತನಕ ಹೋಗಿ ಮತ್ತೆ ವಾಪಸ್ ಬಂತು. "ನನ್ನ ಬೂಷ್ಟು ಸೋಮಾರಿ ಅಲ್ಲ! ಪಾಪ, ಅದಕ್ಕೆ ಪ್ಲಾಸ್ಟಿಕ್ಕು ಬಡಿಸಿದ್ವಲ್ಲೋ! ಯಾವ ಜೀನು ತಾನೇ ಎದ್ದೀತು? ಎದ್ದು ಏನು ಮಾಡೀತು?" ಎಂದ. ಆಮೇಲೆ ತಟಕ್ಕನೆ ಎದ್ದು ನಿಂತ. ಸಮಿತಿಯ ಕಾಲು ಹಿಡಿದು ಒಂದು ತಿಂಗಳ ಗಡುವು ಬೇಡಿದರೆ? "ನೀವೇ ಕೊಡಿ! ಈಗಲೇ! ಮಾಟ ಅಲ್ಲ ಅಂತ ಗೊತ್ತಾಯ್ತಲ್ಲ. ಒಬ್ಬೊಬ್ಬರು ಒಂದೊಂದು ಚಿಟಿಕೆ ಕೂದಲು ಕೊಡಿ. ನನ್ನ ಜೀವನ ಉಳಿಯತ್ತೆ!"

ಹೆಂಗಸರು ತಲೆವಸ್ತ್ರ ಬಿಗಿ ಮಾಡಿಕೊಂಡರು. ಗಂಡಸರ ಕೈಗಳು ತಾವಾಗಿ ತಲೆಯ ಮೇಲೆ ಹೋದವು. ಹಾಜಿ ದುಸೂಕಿ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡರು.

"ಪ್ರಾಣ ಬೇಕಾದ್ರೆ ಕೇಳು ಮಗಾ, ಕೊಡ್ತೀವಿ," ಎಂದರು ಪ್ರೀತಿಯಿಂದ. "ಕೂದಲು ಮಾತ್ರ ಬೇಡ."

ಫೋನು ಮತ್ತೆ ಹೊಡೆದುಕೊಂಡಿತು. "ವಗ್ದಿಯವರೇ," ಎಂದಳು ನಿವೀನ್, "ಸಾರಜನಕ ಹಾರಿಹೋಯ್ತು."

"ಹೋಗ್ಲಿ ಬಿಡು," ಎಂದ ವಗ್ದಿ.

ಅವನಿಗೆ ಚಹಾ ಕೊಟ್ಟರು, ಬೆಂಡೆಕಾಯಿ ಹುಳಿ ಹಾಕಿ ಊಟಕ್ಕೆ ಕೂರಿಸಿದರು. ಉಮ್ಮ್ ನಗ್ಲಾ ಇನ್ನೊಂದು ರೊಟ್ಟಿ ಬಡಿಸುತ್ತ ಮೆಲ್ಲಗೆ, "ಹಾಗಾದ್ರೆ ನೀನು ಎಲ್ಲಿಗೂ ಹೆಣ್ಣು ಕೇಳೋಕೆ ಹೊರಟಿರಲಿಲ್ಲ ಅಲ್ವಾ?" ಎಂದಳು. ಇಲ್ಲ, ಇನ್ನು ತಾನು ಉಗ್ರಾಣದ ಗುಮಾಸ್ತ ಎಂದ ವಗ್ದಿ. ಅವಳು ಆ ರೊಟ್ಟಿಯನ್ನು ಫತ್ಹಿಯ ತಟ್ಟೆಗೆ ಹಾಕಿದಳು.

ಶನಿವಾರ ಸಮಿತಿ ಕೂಡಿತು, ಹತ್ತು ನಿಮಿಷದಲ್ಲಿ ಎದ್ದಿತು. ಭಾನುವಾರ ವಗ್ದಿ ಕಾಲೇಜಿನ ನೆಲಮಾಳಿಗೆಯಲ್ಲಿ ಪೊರಕೆ, ಪಿನಾಯಿಲು, ಮುರಿದ ಬೆಂಚುಗಳ ಒಡೆಯನಾದ.

ಎರಡು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ತಲೆಯ ನಡುವೆ ಸಣ್ಣಗೆ ಕಚಗುಳಿ ಎದ್ದಿತು. ಅದು ಮಾರನೆಯ ದಿನ ತುರಿಕೆಯಾಯಿತು, ಅದರ ಮಾರನೆಯ ದಿನ ಹಿಂಸೆಯಾಯಿತು. ಸಂಜೆ ಗಡ್ಡಕ್ಕೆಂದು ಹೋದಾಗ ಶಲಬಿ ಕತ್ತಿ ಇಳಿಸಿ ಅವನ ನೆತ್ತಿಯನ್ನೇ ನೋಡಿದ. ಅಲ್ಲಿ ದುಂಡಗೆ, ಅಂಚು ಕೆಂಪಗೆ, ನಡುವೆ ತಿಳಿಯಾಗಿ, ಬಿಸಿ ಚಹಾದ ಲೋಟ ಇಟ್ಟೆತ್ತಿದ ಹಾಗೆ ಒಂದು ಬಳೆ ಮೂಡಿತ್ತು.

"ಡಾಕ್ಟ್ರೇ," ಎಂದ ಶಲಬಿ, "ಇದು ನೈಲಾನಲ್ಲ."

ವಗ್ದಿ ನೊರೆ ಬಳಿದ ಮುಖದಲ್ಲೇ ಎದ್ದು ಟ್ರಾಮು ಹತ್ತಿದ. ಅವನ ಎದೆ ಹಿಗ್ಗಿ ಹೋಗಿತ್ತು. ಎದ್ದಿದೆ! ಮಲಗಿದ್ದ ಜೀನ್‌ಗಳೆಲ್ಲ ಎದ್ದು ಕತ್ತರಿ ಹಿಡಿದು ದುಡಿಯುತ್ತಿವೆ! ಪ್ರಯೋಗಾಲಯದೊಳಗೆ ನುಗ್ಗಿ, ಇಸ್ಮತ್ ಮೇಡಂ ಎದುರು ತಲೆ ಬಗ್ಗಿಸಿ ನಿಂತ. ಅವರು ಗೌರವವೆಂದುಕೊಂಡು ಆಶೀರ್ವಾದ ಮಾಡಲು ಕೈಯೆತ್ತಿದರು, ಕೈಯನ್ನು ಅಲ್ಲೇ ನಿಲ್ಲಿಸಿದರು.

ನಿವೀನ್ ಅಲಗಿನಿಂದ ಒಂದಿಷ್ಟು ಹೊಟ್ಟು ಕೆರೆದು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಮೇಡಂ ನೋಡಿದರು. ಕಣ್ಣೆತ್ತದೆ, "ತಿಂತಾ ಇದೆ!" ಎಂದರು. "ಎಷ್ಟು ಚೆನ್ನಾಗಿ ತಿಂತಾ ಇದೆ! ನಮ್ಮದೇ ಬೂಷ್ಟು, ಜೀವಂತ ಮನುಷ್ಯನ ಚರ್ಮದ ಮೇಲೆ! ಇಂಥ ಮಾದರಿ ದುಡ್ಡು ಕೊಟ್ಟರೂ ಸಿಗಲ್ಲ."

"ಹಾಗಾದ್ರೆ ಮೇಡಂ, ನನ್ನ ಪ್ರಬಂಧ..."

"ನಿಂದೆಲ್ಲಿದೆ ಪ್ರಬಂಧ? ನಿನ್ನ ಕಡತ ಮುಚ್ಚಿಹೋಯ್ತಲ್ಲ ಮಗನೇ. ಅದೂ ಅಲ್ಲದೆ, ಓದೋನೂ ನೀನೇ, ಓದಿಸಿಕೊಳ್ಳೋನೂ ನೀನೇ ಆದ್ರೆ ಯಾವ ಸಮಿತಿ ಒಪ್ಪತ್ತೆ? ನಿವೀನ್, ನಿನಗೆ ವಿಷಯ ಸಿಗಲಿಲ್ಲ ಅಂತಿದ್ದೆಯಲ್ಲ? ಬರ್ಕೋ."

ನಿವೀನ್ ಆಗಲೇ ಚೀಟಿ ಬರೆದು ನಳಿಕೆಗೆ ಅಂಟಿಸುತ್ತಿದ್ದಳು. ವಗ್ದಿ ಇಣುಕಿ ಓದಿದ. ರೋಗಿ ಒಂದು: ಗಂಡಸು, ಮೂವತ್ತನಾಲ್ಕು, ಬೋಳುತಲೆ, ಉಗ್ರಾಣದ ಗುಮಾಸ್ತ.

"ಮುಲಾಮು ಹಚ್ಚಿಕೊಂಡು ಹೋಗ್ತೀನಿ," ಎಂದು ಅವನು ನೆತ್ತಿಯ ಕಡೆ ಕೈ ಎತ್ತಿದ.

"ಮುಟ್ಟಬೇಡ!" ಇಬ್ಬರೂ ಒಟ್ಟಿಗೆ ಕಿರುಚಿದರು.

"ಸಾರಜನಕ ಬರೋದು ಮುಂದಿನ ಗುರುವಾರ," ಎಂದರು ಮೇಡಂ. "ಅಲ್ಲಿವರೆಗೆ ಮುಲಾಮು ಇಲ್ಲ, ಸೋಪಿಲ್ಲ. ಒಂದೇ ಒಂದು ಸಲ ಕೆರೆದೆ ಅಂದ್ರೆ ನಿವೀನಳ ಡಾಕ್ಟರೇಟು ನಿನ್ನ ಉಗುರಲ್ಲಿ ಹೋಗತ್ತೆ, ನೆನಪಿಟ್ಕೋ."

ವಗ್ದಿಗೆ ಮುಖದ ಮೇಲೆ ಇಲ್ಲ ಎನ್ನಲು ಬರಲಿಲ್ಲ. ಅವನನ್ನೂ ಅವನಪ್ಪ ಹಾಗೆ ಬೆಳೆಸಿರಲಿಲ್ಲ. ಎರಡೂ ಕಣ್ಣು ಮುಟ್ಟಿಕೊಂಡು, "ಇದರ ಮೇಲೆ ಮೇಡಂ," ಎಂದ.

ಗುರುವಾರದವರೆಗೂ ನೆಲಮಾಳಿಗೆಗೆ ಪೊರಕೆ ಕೇಳಲು ಬಂದವರೆಲ್ಲ ಒಂದೇ ನೋಟ ಕಂಡರು. ನೆತ್ತಿಯ ಮೇಲೆ ಬೂಷ್ಟು ಹಗಲಿರುಳೂ ರಜೆಯಿಲ್ಲದೆ ದುಡಿಯುತ್ತಿತ್ತು. ಅದರ ಕೆಳಗೆ ಸರ್ಕಾರಿ ಗುಮಾಸ್ತ ಕೈಕಟ್ಟಿ ಕುಳಿತಿದ್ದ.